ಬೋರ್ ಲಾರಿ ಕರೆಸುವ ಮುಂಚೆ ಒಂದು ಚಿತ್ರ ಬರೆಯಿರಿ

ನಮ್ಮ ದೊಡ್ಡಪ್ಪ ಆರನೇ ಬೋರ್ ಹಾಕಿಸಿದ ರಾತ್ರಿ ನಾನೂ ಹೊಲದಲ್ಲೇ ಇದ್ದೆ. ಕೋಲಾರ ಜಿಲ್ಲೆಯ ಒಂದು ಸಣ್ಣ ಊರು. ತಮಿಳುನಾಡಿನ ತಿರುಚೆಂಗೋಡಿನ ಬೋರ್ ಲಾರಿ. 900 ಅಡಿ ದಾಟಿದರೂ ಬಿಳಿ ಧೂಳೇ ಬರುತ್ತಿತ್ತು. ತಲೆ ಮೇಲೆ ಟವೆಲ್ ಹಾಕಿಕೊಂಡು ದೊಡ್ಡಪ್ಪ ಪೈಪ್ ಎಣಿಸುತ್ತಾ ಕೂತಿದ್ದರು. 1,100 ಅಡಿ ಹತ್ತಿರ ಗ್ಯಾಪ್, ಅಂದರೆ ಬಂಡೆಯ ಬಿರುಕು, ಸಿಕ್ಕಿತು, ಧೂಳು ಕೆಸರಾಯಿತು, ಎಲ್ಲರೂ ಎದ್ದು ನಿಂತರು. ಆ ನೀರು ಒಂದು ಬೇಸಿಗೆ ಬಂತು. ಮುಂದಿನ ಬೇಸಿಗೆಗೆ ಮೋಟಾರ್ ಗಾಳಿ ಎತ್ತುತ್ತಿತ್ತು.

ದೊಡ್ಡಪ್ಪ ದಡ್ಡರಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಒಬ್ಬೊಬ್ಬರೂ ಅವರವರ ಮಟ್ಟಿಗೆ ಸರಿಯಾದದ್ದನ್ನೇ ಮಾಡುತ್ತಾರೆ, ಆದರೂ ಊರಿಗೆ ಊರೇ ಒಣಗುತ್ತದೆ. ಇಂಥ ಸಮಸ್ಯೆಗೆ ಇನ್ನೊಂದು ಮಷಿನ್, ಇನ್ನೊಂದು ಸ್ಕೀಮ್ ತಂದು ಹಾಕಿದರೆ ಸಾಲದು. ಯಾವುದು ಯಾವುದನ್ನು ಎಳೆಯುತ್ತಿದೆ ಅಂತ ಮೊದಲು ಬಿಡಿಸಿ ನೋಡಬೇಕು. ಇದನ್ನೇ ಸಿಸ್ಟಮ್ಸ್ ಥಿಂಕಿಂಗ್ ಅನ್ನುತ್ತಾರೆ. ನೋಡಿದ್ದನ್ನು ಅಂಕಿಗೆ ಇಳಿಸಿ ಮುಂದಿನ ವರ್ಷಗಳಿಗೆ ಓಡಿಸಿದರೆ ಅದೇ ಮಾಡೆಲ್.

ಹೆಸರು ಕೇಳಿ ಹೆದರಬೇಡಿ. 1950ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಈ ಬಗೆಯ ಮಾಡೆಲ್ ಶುರು ಮಾಡಿದ ಜೇ ಫಾರೆಸ್ಟರ್ ದನ ಸಾಕುವ ಮನೆಯ ಹುಡುಗ. ಒಂದು ಕಾರ್ಖಾನೆ ಕೆಲವು ವರ್ಷ ಜನರನ್ನು ಸೇರಿಸಿಕೊಳ್ಳುವುದು, ಕೆಲವು ವರ್ಷ ತೆಗೆದುಹಾಕುವುದು ಯಾಕೆ ಅಂತ ಅವರು ಮೊದಲ ಲೆಕ್ಕ ಹಾಕಿದ್ದು ನೋಟ್‌ಬುಕ್ಕಿನಲ್ಲಿ, ಪೆನ್ಸಿಲ್ ಹಿಡಿದು. ನಮಗೂ ಒಂದು ದೊಡ್ಡ ಹಾಳೆ, ಪೆನ್ಸಿಲ್, ಆಮೇಲೆ ಫೋನಿನಲ್ಲಿ ಒಂದು ಎಕ್ಸೆಲ್ ಶೀಟ್ ಇದ್ದರೆ ಸಾಕು. ನಾನು ನಮ್ಮೂರ ನೀರನ್ನೇ ಹಿಡಿದು ಹೇಳುತ್ತೇನೆ. ನಿಮ್ಮದು ಟ್ರಾಫಿಕ್ ಇರಬಹುದು, ಕಸ ಇರಬಹುದು, ಹಾಸ್ಟೆಲ್ ಮೆಸ್ ಇರಬಹುದು. ದಾರಿ ಒಂದೇ.

ಹೆಜ್ಜೆ 1: ಪ್ರಶ್ನೆ ಬದಲಾಯಿಸಿ

ಊರಲ್ಲಿ ಎಲ್ಲರೂ ಕೇಳುವುದು "ನೀರು ಎಲ್ಲಿ ಸಿಗುತ್ತೆ?" ಅಂತ. ಆ ಪ್ರಶ್ನೆ ಕೇಳಿದರೆ ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡುವವರೇ ಉತ್ತರ ಕೊಡಬೇಕು. "ಇಷ್ಟು ವರ್ಷದಿಂದ ಬೋರ್ ಹಾಕುತ್ತಿದ್ದರೂ ನೀರು ಕೆಳಗೆ ಹೋಗುತ್ತಲೇ ಇದೆಯಲ್ಲ, ಯಾಕೆ?" ಅಂತ ಕೇಳಿ. ಮೊದಲ ಪ್ರಶ್ನೆಯಲ್ಲಿ ಒಂದು ಜಾಗ ಇದೆ, ಎರಡನೆಯದರಲ್ಲಿ ಕಾಲ ಇದೆ. ಮಾಡೆಲ್‌ಗೆ ಬೇಕಾದದ್ದು ಎರಡನೆಯದು.

ಹಾಳೆಯ ಮೇಲೆ ಅಡ್ಡ ಗೆರೆಯಲ್ಲಿ ವರ್ಷ, ಉದ್ದ ಗೆರೆಯಲ್ಲಿ ನೀರಿನ ಆಳ ಹಾಕಿ. ಅರಳಿಕಟ್ಟೆಗೆ ಹೋಗಿ ಹಿರಿಯರನ್ನು ಕೇಳಿ. ಇಸವಿ ನೆನಪಿರುವುದಿಲ್ಲ, ಆದರೆ "ನಮ್ಮ ದೊಡ್ಡವಳ ಮದುವೆ ಆದ ವರ್ಷ ಬಾವಿ ಬತ್ತಿತು" ಅನ್ನುವುದು ನೆನಪಿರುತ್ತದೆ. ಅಷ್ಟು ಸಾಕು. ನಮ್ಮೂರಲ್ಲಿ ಹೀಗೆ ಬಂತು: ಎತ್ತು ಕಟ್ಟಿ ಕಪಿಲೆ ಹೊಡೆಯುವಾಗ 30 ಅಡಿ, ಬಾವಿಗೆ ಮೋಟಾರ್ ಇಳಿಸಿದ ಮೇಲೆ 60, ಮೊದಲ ಬೋರ್ 200, ಆಮೇಲೆ 600, ಈಗ 1,100 ದಾಟಿ. ಚುಕ್ಕಿಗಳನ್ನು ಸೇರಿಸಿದರೆ ಗೆರೆ ನೇರ ಇಲ್ಲ. ಮೊದಲು ಮೆಲ್ಲಗೆ ಇಳಿದು, ಆಮೇಲೆ ಬಾವಿಗೆ ಬಿದ್ದ ಹಾಗೆ ಬಿದ್ದಿದೆ. ಈ ಗೆರೆಯ ಆಕಾರವನ್ನು ನೆನಪಿಡಿ. ನಿಮ್ಮ ಮಾಡೆಲ್ ಕೊನೆಗೆ ಇದೇ ಆಕಾರ ಕೊಡಬೇಕು.

ಹೆಜ್ಜೆ 2: ಎಲ್ಲಿಗೆ ಗೆರೆ ಎಳೆಯುತ್ತೀರಿ?

ಎಲ್ಲವೂ ಎಲ್ಲಕ್ಕೂ ಅಂಟಿಕೊಂಡಿದೆ ನಿಜ. ಆದರೆ ಎಲ್ಲವನ್ನೂ ಹಾಳೆಗೆ ತಂದರೆ ಹಾಳೆ ಸಾಲುವುದಿಲ್ಲ. ಒಂದು ಗಡಿ ಹಾಕಿಕೊಳ್ಳಬೇಕು. ಪಂಚಾಯಿತಿ ಗಡಿ ಬೇಡ, ನೀರಿಗೆ ಅದು ಗೊತ್ತಿಲ್ಲ. ಒಂದು ಕೆರೆಗೆ ಎಷ್ಟು ದೂರದ ಮಳೆನೀರು ಹರಿದು ಬರುತ್ತದೋ ಅಷ್ಟು ಜಾಗ ತಗೊಳ್ಳಿ. ಕೋಲಾರದ ಕಡೆ ವರ್ಷವಿಡೀ ಹರಿಯುವ ನದಿ ಇಲ್ಲ. ಇರುವುದು ಕೆರೆ ಸರಣಿ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಹಾಗಾಗಿ ಗಡಿ ಕಣ್ಣಿಗೇ ಕಾಣುತ್ತದೆ.

ಗಡಿ ಹಾಕುವಾಗ ಹುಷಾರಾಗಿರಬೇಕು, ಯಾಕೆ ಅಂದರೆ ಹೊರಗೆ ಬಿಟ್ಟದ್ದು ಕಣ್ಣಿಗೆ ಕಾಣುವುದಿಲ್ಲ. 2018ರಿಂದ ಕೋರಮಂಗಲ ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಯೋಜನೆ ಲೆಕ್ಕದಲ್ಲಿ ದಿನಕ್ಕೆ 44 ಕೋಟಿ ಲೀಟರ್. ಆ ನೀರಿನಲ್ಲಿ ದೊಡ್ಡ ಪಾಲು ಮೊದಲು ಕಾವೇರಿಯದು. ಕಾವೇರಿ ನೀರೆತ್ತುವ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಏರಿ, ಯಾರದೋ ಅಡುಗೆಮನೆ ಬಚ್ಚಲುಮನೆ ದಾಟಿ, ನಮ್ಮ ಕೆರೆಗೆ ಬಂದದ್ದು. ಈಗ ಹೇಳಿ, ನಮ್ಮೂರ ನೀರಿನ ಗಡಿ ಎಲ್ಲಿದೆ? ಆ ನೀರು ಬರುವ ಕೆರೆ ನಿಮ್ಮದಾದರೆ ಅದನ್ನು ಗಡಿಯ ಹೊರಗಿಂದ ಒಳಗೆ ಬರುವ ಒಂದು ಬಾಣ ಮಾಡಿ. ಶುದ್ಧೀಕರಣ ಸಾಲದು ಅನ್ನುವ ತಕರಾರೂ ಇದೆ. ಅದನ್ನು ಹಾಳೆಯ ಅಂಚಿನಲ್ಲಿ ಬರೆದಿಡಿ. ನೀರಿನ ಪ್ರಮಾಣದ ಮಾಡೆಲ್ ನೀರಿನ ಗುಣದ ಬಗ್ಗೆ ಏನೂ ಹೇಳುವುದಿಲ್ಲ.

ಹೆಜ್ಜೆ 3: ನಿಂತ ನೀರು, ಹರಿಯುವ ನೀರು

ಯಾವುದೇ ಸಮಸ್ಯೆಯಲ್ಲಿ ಎರಡು ಥರದ ವಸ್ತು ಇರುತ್ತವೆ. ಒಂದು ಕೂಡಿ ನಿಂತದ್ದು: ಭೂಮಿಯೊಳಗಿನ ನೀರು, ಬ್ಯಾಂಕಿನ ಸಾಲ, ಊರಿನ ಬೋರ್‌ಗಳ ಸಂಖ್ಯೆ. ಇನ್ನೊಂದು ಹರಿಯುವುದು: ವರ್ಷಕ್ಕೆ ಇಂಗುವ ನೀರು, ಎತ್ತುವ ನೀರು, ತಿಂಗಳ ಕಂತು. ಇವನ್ನು ಬೇರೆ ಮಾಡುವುದು ಹೇಗೆ? ಇವತ್ತು ಎಲ್ಲರೂ ಎಲ್ಲ ಕೆಲಸ ನಿಲ್ಲಿಸಿ ಸುಮ್ನೆ ನಿಂತರು ಅಂದುಕೊಳ್ಳಿ. ಆಗಲೂ ಎಣಿಸಲು ಸಿಗುವುದು ನಿಂತದ್ದು. ಸಿಗದೇ ಹೋಗುವುದು ಹರಿಯುವುದು.

ನಿಂತದ್ದನ್ನು ಚೌಕದಲ್ಲಿ ಬರೆಯಿರಿ. ಒಳಗೆ ಬರುವುದಕ್ಕೂ ಹೊರಗೆ ಹೋಗುವುದಕ್ಕೂ ದಪ್ಪ ಬಾಣ ಹಾಕಿ. ನಮ್ಮ ಚೌಕ "ಭೂಮಿಯೊಳಗಿನ ನೀರು". ಒಳಗೆ ಬರುವುದು ಮಳೆ ಇಂಗಿದ್ದು, ಕೆರೆಯಿಂದ ಇಂಗಿದ್ದು, ಗದ್ದೆಗೆ ಬಿಟ್ಟ ನೀರಲ್ಲಿ ವಾಪಸ್ ಇಳಿದದ್ದು. ಹೊರಗೆ ಹೋಗುವುದು ಬೋರ್ ಎತ್ತಿದ್ದು, ಮರದ ಬೇರು ಹೀರಿದ್ದು, ಹಳ್ಳದ ಒರತೆಯಾಗಿ ಹೋದದ್ದು.

ಚೌಕ ಎಷ್ಟು ದೊಡ್ಡದು ಅಂತ ಕೇಳುವವರೇ ಕಮ್ಮಿ. ನಮ್ಮದು ಗಟ್ಟಿ ಬಂಡೆಯ ಸೀಮೆ. ಮೇಲೆ ಸವೆದ ಕಲ್ಲು ಮಣ್ಣಿನ ಪದರ, ಸುಮಾರು 20 ಮೀಟರ್ ಅನ್ನಿ. ಅದರೊಳಗೆ ನೂರು ಪಾಲಲ್ಲಿ ಎರಡು ಮೂರು ಪಾಲು ಮಾತ್ರ ಬಿಟ್ಟುಕೊಡುವ ನೀರು. 2 ಪರ್ಸೆಂಟ್ ಅಂದರೆ 20 ಮೀಟರ್‌ನಲ್ಲಿ 40 ಸೆಂಟಿಮೀಟರ್. ಒಂದು ವರ್ಷದ ಮಳೆಗಿಂತ ಕಡಿಮೆ! ಅದರ ಕೆಳಗಿರುವ ಬಂಡೆಯಲ್ಲಿ ಬಿರುಕು ಮಾತ್ರ. ಅಲ್ಲಿ ಇನ್ನೂ ಕಡಿಮೆ. ಕೆಳಗೆ ಸಮುದ್ರವೇ ಇದೆ ಅನ್ನುವ ಹಾಗೆ ನಾವು ಕೊರೆಯುತ್ತಿದ್ದೇವೆ, ಅಲ್ವಾ?

ಹೆಜ್ಜೆ 4: ಬಾಣ ಹಾಕಿ, ಸುತ್ತು ಹುಡುಕಿ

ಈಗ ತೆಳು ಬಾಣಗಳು. "ಇದು ಜಾಸ್ತಿ ಆದರೆ ಅದು ಏನಾಗುತ್ತೆ?" ಅಂತ ಒಂದೊಂದಕ್ಕೂ ಕೇಳಿ. ಅದೂ ಜಾಸ್ತಿ ಆಗುವುದಾದರೆ ಬಾಣದ ತುದಿಗೆ ಪ್ಲಸ್, ಕಮ್ಮಿ ಆಗುವುದಾದರೆ ಮೈನಸ್. ಬಾಣಗಳು ಸುತ್ತಿ ಬಂದು ಹೊರಟ ಜಾಗಕ್ಕೇ ಸೇರಿದರೆ ಸುತ್ತು ಸಿಕ್ಕಿತು. ಅದರಲ್ಲಿ ಮೈನಸ್ ಎಷ್ಟಿವೆ ಎಣಿಸಿ. ಒಂದು, ಮೂರು ಹೀಗೆ ಬೆಸ ಬಂದರೆ ಅದು ತಡೆಯುವ ಸುತ್ತು, ತಾನೇ ಸರಿಹೋಗುತ್ತದೆ. ಸಮ ಬಂದರೆ, ಅಥವಾ ಒಂದೂ ಇಲ್ಲದಿದ್ದರೆ, ತನ್ನನ್ನು ತಾನೇ ಬೆಳೆಸುವ ಸುತ್ತು.

ನೀರು ಜಾಸ್ತಿ ಇದ್ದರೆ ಬೋರ್ ಜಾಸ್ತಿ ಕೊಡುತ್ತದೆ, ಪ್ಲಸ್. ಜಾಸ್ತಿ ಕೊಟ್ಟರೆ ಜಾಸ್ತಿ ಎತ್ತುತ್ತೇವೆ, ಪ್ಲಸ್. ಜಾಸ್ತಿ ಎತ್ತಿದರೆ ಭೂಮಿಯೊಳಗಿನ ನೀರು ಕಮ್ಮಿ, ಮೈನಸ್. ಒಂದೇ ಮೈನಸ್. ತಡೆಯುವ ಸುತ್ತು. ಬಾವಿ ಕಾಲದಲ್ಲಿ ಇದೊಂದೇ ಕೆಲಸ ಮಾಡುತ್ತಿತ್ತು. ನೀರು ಇಳಿದರೆ ಕಪಿಲೆ ಎಟುಕುತ್ತಿರಲಿಲ್ಲ, ಬೆಳೆ ಕಮ್ಮಿ ಇಡುತ್ತಿದ್ದರು, ಮಳೆಗಾಲಕ್ಕೆ ಬಾವಿ ತುಂಬುತ್ತಿತ್ತು. ಕೆರೆಗೆ ನೀರಗಂಟಿ ಇರುತ್ತಿದ್ದ. ನೀರು ನೋಡಿಕೊಂಡು ತೂಬು ಎತ್ತುತ್ತಿದ್ದ, ಇಳಿಸುತ್ತಿದ್ದ. ಇಂಗ್ಲಿಷ್‌ನಲ್ಲಿ ಫೀಡ್‌ಬ್ಯಾಕ್ ಅನ್ನುವುದಕ್ಕೆ ನಮ್ಮೂರಲ್ಲಿ ಸಂಬಳಕ್ಕೆ ಬದಲು ಕಾಳು ಕೊಟ್ಟು ಒಬ್ಬ ಮನುಷ್ಯನನ್ನೇ ಇಟ್ಟಿದ್ದರು.

ಬೋರ್ ಲಾರಿ ಬಂದ ಮೇಲೆ ಇನ್ನೊಂದು ಸುತ್ತು ಸೇರಿತು. ನೀರು ಕಮ್ಮಿಯಾದರೆ ಹೊಸ ಬೋರ್ ಜಾಸ್ತಿ; ಒಂದು ಇಳಿದರೆ ಇನ್ನೊಂದು ಏರುತ್ತದೆ, ಅದಕ್ಕೇ ಇದೂ ಮೈನಸ್. ಹೊಸ ಬೋರ್ ಜಾಸ್ತಿಯಾದರೆ ಎತ್ತುವುದು ಜಾಸ್ತಿ, ಪ್ಲಸ್. ಎತ್ತುವುದು ಜಾಸ್ತಿಯಾದರೆ ನೀರು ಕಮ್ಮಿ, ಮೈನಸ್. ಎರಡು ಮೈನಸ್. ನೀರಿಲ್ಲ ಅಂತ ಬೋರ್, ಬೋರ್ ಹಾಕಿದ್ದಕ್ಕೆ ನೀರಿಲ್ಲ.

ಅದರ ಪಕ್ಕದಲ್ಲೇ ದುಡ್ಡಿನ ಸುತ್ತು. ಬೋರ್ ಫೇಲ್ ಆದರೆ ಸಾಲ. ಸಾಲ ತೀರಿಸಲು ಕೈಗೆ ಕಾಸು ಕೊಡುವ ಬೆಳೆ ಬೇಕು. ರಾಗಿ ಕೊಡುವುದಿಲ್ಲ, ಟೊಮೆಟೊ ಕೊಡಬಹುದು. ಟೊಮೆಟೊಗೆ ನೀರು ಬೇಕು. ನೀರಿಗೆ ಬೋರ್. "ರೈತರು ನೀರು ಕಮ್ಮಿ ಕೇಳುವ ಬೆಳೆ ಬೆಳೆಯಬೇಕು" ಅಂತ ಸಭೆಯಲ್ಲಿ ಹೇಳುವವರು ಈ ಸುತ್ತನ್ನು ಒಮ್ಮೆ ಬೆರಳಿನಲ್ಲಿ ಸವರಿ ನೋಡಬೇಕು. ಸಾಲದ ಬಾಣ ಹಾಗೇ ಇದ್ದರೆ ರಾಗಿಯ ಮಾತು ಹಾಳೆಯಿಂದಾಚೆಗೇ ಉಳಿಯುತ್ತದೆ.

ಒಂದು ಸಲಹೆ: ಈ ಚಿತ್ರ ಒಬ್ಬರೇ ಕೂತು ಬರೆಯಬೇಡಿ. ನಾನು ಬರೆದ ಮೊದಲ ಚಿತ್ರದಲ್ಲಿ ಆಟೋ ಸ್ಟಾರ್ಟರ್ ಇರಲೇ ಇಲ್ಲ. ಕರೆಂಟ್ ಬಂದ ತಕ್ಷಣ ಮೋಟಾರ್ ತಾನೇ ಶುರುವಾಗುವ ಆ ಸಣ್ಣ ಡಬ್ಬಿಯಿಂದ ಇಡೀ ಲೆಕ್ಕ ಬದಲಾಗುತ್ತದೆ ಅಂತ ಹೇಳಿದ್ದು ಹಾಲಿನ ಡೇರಿಗೆ ಬಂದಿದ್ದ ಹುಡುಗ. ಎತ್ತುವ ನೀರನ್ನು ತೀರ್ಮಾನಿಸುವುದು ಬೆಳೆಯ ಬಾಯಾರಿಕೆ ಅಲ್ಲ, ತ್ರೀ ಫೇಸ್ ಕರೆಂಟ್ ಎಷ್ಟು ಗಂಟೆ ಇರುತ್ತದೆ ಅನ್ನುವುದು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಬಿಲ್ ಇಲ್ಲದ ಮೇಲೆ ಆರಿಸಲು ರಾತ್ರಿ ಯಾರು ಹೊಲಕ್ಕೆ ಹೋಗುತ್ತಾರೆ?

ಹೆಜ್ಜೆ 5: ಎಲ್ಲಿ ತಡ ಆಗುತ್ತದೆ, ಗುರುತು ಹಾಕಿ

ಕೆಲವು ಬಾಣಗಳು ತಕ್ಷಣ ಕೆಲಸ ಮಾಡುವುದಿಲ್ಲ. ಅಂಥ ಬಾಣದ ಮೇಲೆ ಎರಡು ಅಡ್ಡಗೀಟು ಹಾಕಿ. ತಡ ಏನು ಮಾಡುತ್ತದೆ ಅಂತ ನೋಡಲು ಟೊಮೆಟೊ ಸಾಕು. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತು. ನೋಡಿದವರೆಲ್ಲ ನಾಟಿ ಮಾಡಿದರು. ನಾಟಿ ಮಾಡಿ ಹಣ್ಣು ಕೈಗೆ ಬರಲು ಎರಡು, ಎರಡೂವರೆ ತಿಂಗಳು. ಸೆಪ್ಟೆಂಬರ್‌ಗೆ ಕೆಜಿಗೆ ಕೆಲವೇ ರೂಪಾಯಿ. ಯಾರೂ ತಪ್ಪು ಲೆಕ್ಕ ಹಾಕಿರಲಿಲ್ಲ. ಇವತ್ತಿನ ರೇಟು ನೋಡಿ ಎರಡು ತಿಂಗಳ ಮುಂದಿನ ಬೆಳೆ ಇಟ್ಟರು, ಅಷ್ಟೇ.

ನೀರಿನಲ್ಲಿ ತಡ ಇನ್ನೂ ಉದ್ದ. ಇವತ್ತು ಜಾಸ್ತಿ ಎತ್ತಿದ್ದು ವರ್ಷಗಳ ನಂತರ ಕಾಣುತ್ತದೆ. ಮಳೆ ಚೆನ್ನಾಗಿ ಬಂದರೆ ಅದೂ ಮರೆತು ಹೋಗುತ್ತದೆ. 2021ರ ನವೆಂಬರ್ ಮಳೆಗೆ ನಮ್ಮ ಕಡೆ ಎಷ್ಟೋ ವರ್ಷದಿಂದ ಒಣಗಿದ್ದ ಕೆರೆಗಳು ಕೋಡಿ ಹರಿದವು. ಜನ ಬಾಗಿನ ಕೊಟ್ಟರು, ಸೆಲ್ಫಿ ತೆಗೆದರು. ಆ ನೀರು ನೋಡಿಕೊಂಡು ಎಷ್ಟು ಎಕರೆ ಹೊಸದಾಗಿ ನೀರಾವರಿಗೆ ಬಂತು ಅಂತ ಯಾರೂ ಬರೆದಿಡಲಿಲ್ಲ.

ಹೆಜ್ಜೆ 6: ಅಂಕಿ ಹಾಕಿ

ಇಲ್ಲಿ ಜನ ಹೆದರಿ ಬಿಟ್ಟುಬಿಡುತ್ತಾರೆ. ಒಂದು ಉಪಾಯ ಹೇಳುತ್ತೇನೆ. ನೀರನ್ನು ಲೀಟರ್‌ನಲ್ಲಿ ಎಣಿಸಬೇಡಿ, ಮಳೆಯ ಹಾಗೆ ಮಿಲಿಮೀಟರ್‌ನಲ್ಲಿ ಎಣಿಸಿ. ಒಂದು ಎಕರೆ ಮೇಲೆ 1 ಮಿ.ಮೀ. ನೀರು ಅಂದರೆ ಸುಮಾರು 4,000 ಲೀಟರ್. ನಮ್ಮ ಗಡಿಯೊಳಗೆ 500 ಎಕರೆ. ಹಾಗಾದರೆ 1 ಮಿ.ಮೀ. ಅಂದರೆ 20 ಲಕ್ಷ ಲೀಟರ್. ಇನ್ನು ಮುಂದೆ ಮಳೆ, ಇಂಗಿದ್ದು, ಎತ್ತಿದ್ದು ಎಲ್ಲ ಒಂದೇ ಅಳತೆಯಲ್ಲಿ.

ಒಳಗೆ ಬರುವುದು: ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ಗಟ್ಟಿ ಬಂಡೆಯ ಪ್ರದೇಶದಲ್ಲಿ ಅದರಲ್ಲಿ ಹತ್ತಿರ ಹತ್ತಿರ 10 ಪರ್ಸೆಂಟ್ ಇಂಗುತ್ತದೆ ಅಂತ ಹಿಡಿಯಬಹುದು, 70 ಮಿ.ಮೀ. ಕೆರೆಯಿಂದ 10. ಒಟ್ಟು 80.

ಹೊರಗೆ ಹೋಗುವುದು: ಒಂದು ಬೋರ್ ಎಷ್ಟು ಎತ್ತುತ್ತದೆ? "ಎರಡು ಇಂಚು ನೀರು" ಅನ್ನುವ ಮಾತನ್ನು ನಂಬಬೇಡಿ. 200 ಲೀಟರ್ ಡ್ರಮ್ ಪೈಪ್ ಕೆಳಗೆ ಇಡಿ, ಫೋನಿನಲ್ಲಿ ಸ್ಟಾಪ್‌ವಾಚ್ ಒತ್ತಿ. ನಮ್ಮಲ್ಲಿ ತುಂಬಲು 2 ನಿಮಿಷ ಆಯಿತು. ಅಂದರೆ ಗಂಟೆಗೆ 6,000 ಲೀಟರ್. ದಿನಕ್ಕೆ 7 ಗಂಟೆ ಕರೆಂಟ್, ವರ್ಷಕ್ಕೆ 200 ದಿನ. 84 ಲಕ್ಷ ಲೀಟರ್. ಅದನ್ನು 20 ಲಕ್ಷದಿಂದ ಭಾಗಿಸಿದರೆ ಒಂದು ಬೋರ್‌ಗೆ ವರ್ಷಕ್ಕೆ 4.2 ಮಿ.ಮೀ.

ಈ ಒಂದು ಅಂಕಿ ಸಿಕ್ಕಿದ್ದೇ ಅರ್ಧ ಉತ್ತರ ಸಿಕ್ಕಿತು. 80ನ್ನು 4.2ರಿಂದ ಭಾಗಿಸಿ: 19. ಈ 500 ಎಕರೆ ವರ್ಷವರ್ಷ ಸಾಕಬಲ್ಲದ್ದು 19 ಬೋರ್.

ಈಗ ಶೀಟ್ ತೆರೆಯಿರಿ. ಸಾಲುಗಳಲ್ಲಿ ವರ್ಷ. ಕಾಲಂಗಳಲ್ಲಿ ಬೋರ್ ಸಂಖ್ಯೆ, ಎತ್ತಿದ್ದು, ಇಂಗಿದ್ದು, ವರ್ಷದ ಕೊನೆಗೆ ಉಳಿದದ್ದು. ಸೂತ್ರ ಒಂದೇ: ಹೋದ ವರ್ಷ ಉಳಿದದ್ದು, ಕೂಡಿಸು ಇಂಗಿದ್ದು, ಕಳೆ ಎತ್ತಿದ್ದು. ನಮ್ಮ ಚೌಕ ಹಿಡಿಸುವುದು ಆಗ ಲೆಕ್ಕ ಹಾಕಿದ 40 ಸೆಂಟಿಮೀಟರ್, ಅಂದರೆ 400 ಮಿ.ಮೀ.; ಶುರುವಿಗೆ ಅದು ತುಂಬಿದೆ ಅನ್ನಿ. 400 ದಾಟಿದರೆ 400 ಅಂತಲೇ ಹಾಕಿ, ಮಿಕ್ಕದ್ದು ಹಳ್ಳಕ್ಕೆ ಹೋಯಿತು. ಸೊನ್ನೆಗಿಂತ ಕೆಳಗೆ ಹೋದರೆ ಸೊನ್ನೆ.

ಮೊದಲ ವರ್ಷ 15 ಬೋರ್, ಪ್ರತಿ ವರ್ಷ 2 ಹೊಸದು ಅಂತ ಓಡಿಸಿ. ಮೊದಲ 3 ವರ್ಷ ಉಳಿದದ್ದು 400, ಏನೂ ಆಗುವುದಿಲ್ಲ. 4ನೇ ವರ್ಷ ಬೋರ್ 21, ನೀರು 392. ಬಾವಿಯಲ್ಲಿ ನೀರು ಒಂದೂವರೆ ಅಡಿಯೂ ಇಳಿದಿಲ್ಲ, ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಲೆಕ್ಕ ತಪ್ಪಿದ್ದು ಅದೇ ವರ್ಷ. 8ನೇ ವರ್ಷ ನೀರು 275, ಮೂರರಲ್ಲಿ ಎರಡು ಪಾಲು ಇನ್ನೂ ಇದೆ. 10ನೇ ವರ್ಷ 166. 12ನೇ ವರ್ಷ 24. 13ನೇ ವರ್ಷ ಸೊನ್ನೆ.

ಗೆರೆ ಎಳೆದು ನೋಡಿ. ಮೊದಲು ಮೆಲ್ಲಗೆ, ಆಮೇಲೆ ದಬಕ್ಕನೆ. ಮೊದಲ ಹೆಜ್ಜೆಯಲ್ಲಿ ಅರಳಿಕಟ್ಟೆಯವರು ಹೇಳಿ ಬರೆಸಿದ್ದು ಇದೇ ಆಕಾರ. ಮೇಲಿನ ಪದರ ಬರಿದಾದ ಮೇಲೆ ಬಂಡೆಯ ಬಿರುಕಿಗೆ ಇಳಿಯುತ್ತೇವೆ. ಅಲ್ಲಿ ನೀರು ಅರ್ಧ ಪರ್ಸೆಂಟ್ ಅಂತ ಹಿಡಿದರೆ, ಅಷ್ಟೇ ನೀರು ಎತ್ತಿದರೂ ಮಟ್ಟ 4 ಪಟ್ಟು ಜಾಸ್ತಿ ಇಳಿಯುತ್ತದೆ. ಬೋರ್ 200 ಅಡಿಯಿಂದ 600ಕ್ಕೆ ಹಾರಿದ್ದು ಯಾಕೆ ಅಂತ ಈಗ ಗೊತ್ತಾಗುತ್ತದೆ.

ಹೆಜ್ಜೆ 7: ಹಳೆಯ ವರ್ಷಗಳ ಮೇಲೆ ಓಡಿಸಿ, ನಗೆಪಾಟಲಾಗಿ

ಮುಂದಿನದನ್ನು ಹೇಳುವ ಮುಂಚೆ ಮಾಡೆಲ್ ಹಿಂದಿನದನ್ನು ಸರಿಯಾಗಿ ಹೇಳಬೇಕು. ನನ್ನ ಮೊದಲ ಮಾಡೆಲ್ ಪ್ರಕಾರ ನಮ್ಮೂರಲ್ಲಿ 2009ಕ್ಕೇ ಹನಿ ನೀರಿಲ್ಲ. ದೊಡ್ಡಪ್ಪನಿಗೆ ತೋರಿಸಿದೆ. "ಹೌದಾ ಮಗಾ? ಹಂಗಾದ್ರೆ 2010ರಲ್ಲಿ ನಿನ್ನ ಅಕ್ಕನ ಮದುವೆಗೆ ಹಂಡೆ ತುಂಬಿಸಿದ್ದು ನಿನ್ನ ಕಂಪ್ಯೂಟ್ರಾ?" ಅಂದರು. ತಪ್ಪು ನನ್ನದೇ. ಡ್ರಮ್ ಇಡದೆ ಮೋಟಾರಿನ ಚೀಟಿಯಲ್ಲಿ ಬರೆದಿದ್ದ ಅಂಕಿ ಹಾಕಿದ್ದೆ. ವರ್ಷಕ್ಕೆ 300 ದಿನ ಓಡುತ್ತದೆ ಅಂದುಕೊಂಡಿದ್ದೆ. ಫೇಲ್ ಆದ ಬೋರ್‌ಗಳನ್ನು ಲೆಕ್ಕದಿಂದ ತೆಗೆದೇ ಇರಲಿಲ್ಲ.

ತಪ್ಪು ಬಂದಾಗ ಅಂಕಿಯನ್ನು ತಿರುಚಿ ಉತ್ತರಕ್ಕೆ ಹೊಂದಿಸುವ ಆಸೆ ಬರುತ್ತದೆ. ಬೇಡ. ಯಾವ ಬಾಣ ಬಿಟ್ಟಿದ್ದೀರಿ ಅಂತ ಹುಡುಕಿ. ಮಳೆಗೆ ಸರಾಸರಿ ಹಾಕುವ ಬದಲು ನಿಜವಾದ ಮಳೆ ಹಾಕಿ. 700 ಅನ್ನುವ ವರ್ಷ ಬರುವುದೇ ಇಲ್ಲ, 450 ಬರುತ್ತದೆ, 1,000 ಬರುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಹೋಬಳಿ, ಪಂಚಾಯಿತಿ ಮಟ್ಟದವರೆಗೂ ಇವೆ. ಕೇಂದ್ರ ಅಂತರ್ಜಲ ಮಂಡಳಿಯ ವೀಕ್ಷಣಾ ಬಾವಿಗಳ ಅಳತೆಯೂ ಸಿಗುತ್ತದೆ. ಅಟಲ್ ಭೂಜಲ ಯೋಜನೆಗೆ ಸೇರಿದ್ದ ಪಂಚಾಯಿತಿಯಾದರೆ ಆಗ ಮಾಡಿದ ನೀರಿನ ಬಜೆಟ್ ಕಾಗದ ಕಚೇರಿಯಲ್ಲೇ ಇರಬೇಕು, ಕೇಳಿ.

ಹೆಜ್ಜೆ 8: "ಹೀಗೆ ಮಾಡಿದರೆ?"

ಮಾಡೆಲ್ ಮಾಡುವುದು ಇದಕ್ಕೇ. ದುಡ್ಡು ಹಾಕುವ ಮುಂಚೆ ಹಾಳೆಯ ಮೇಲೆ ಸೋಲುವುದು ಅಗ್ಗ.

ಮೊದಲು ಎಲ್ಲರಿಗೂ ಇಷ್ಟವಾದ ಉಪಾಯ: ಕೆರೆ ಹೂಳು ತೆಗೆಯುವುದು. ಕೆರೆಯಿಂದ ಇಂಗುವುದು 10ರಿಂದ 20 ಆಗುತ್ತದೆ ಅನ್ನೋಣ. ಓಡಿಸಿದರೆ ನೀರು ಸೊನ್ನೆಯಾಗುವುದು 13ನೇ ವರ್ಷದ ಬದಲು 14ನೇ ವರ್ಷ. ಇಷ್ಟೇನಾ? ಇಷ್ಟೇ. ನನಗೂ ನಂಬಿಕೆ ಬರದೆ ಎರಡು ಸಲ ಸೂತ್ರ ನೋಡಿದೆ. ಬೋರ್ ವರ್ಷಕ್ಕೆ ಎರಡು ಏರುತ್ತಲೇ ಇದ್ದರೆ ಹೂಳೆತ್ತಿ ಗಳಿಸಿದ್ದನ್ನು ಹೊಸ ಬೋರ್‌ಗಳು ತಿಂದು ಮುಗಿಸುತ್ತವೆ.

ಎರಡನೆಯದು: ಹೊಸ ಬೋರ್ ನಿಲ್ಲಿಸುವುದು. ಹೂಳು ತೆಗೆಯದೆ 25ಕ್ಕೆ ನಿಲ್ಲಿಸಿದರೆ 20ನೇ ವರ್ಷದವರೆಗೆ ನೀರು. 21ಕ್ಕೇ ನಿಲ್ಲಿಸಿದರೆ ಸುಮಾರು 50 ವರ್ಷ. ಈಗ ಎರಡನ್ನೂ ಸೇರಿಸಿ, ಹೂಳೂ ತೆಗೆದು ಬೋರೂ 21ಕ್ಕೆ ನಿಲ್ಲಿಸಿ. ಇಂಗುವುದು 90, ಎತ್ತುವುದು 88. ಗೆರೆ ಕೆಳಗೆ ಬೀಳುವುದೇ ಇಲ್ಲ. ಒಂಟಿಯಾಗಿ ಒಂದು ವರ್ಷ ಕೊಟ್ಟ ಕೆಲಸ, ಜೊತೆ ಸಿಕ್ಕಾಗ ಊರನ್ನೇ ಉಳಿಸಿತು. ಇದು ಬರೀ ಬುದ್ಧಿಯಲ್ಲಿ ಹೊಳೆಯುವ ಮಾತಲ್ಲ, ಶೀಟ್ ಓಡಿಸಿದರೆ ಮಾತ್ರ ಕಾಣುತ್ತದೆ.

ಮೂರನೆಯದು: ಕರೆಂಟ್ 7ರ ಬದಲು 5 ಗಂಟೆ. ಒಂದು ಬೋರ್‌ಗೆ 3 ಮಿ.ಮೀ. ಆಗುತ್ತದೆ, 80ರಲ್ಲಿ 26 ಬೋರ್ ಸಾಕಬಹುದು. ಶೀಟ್ ಒಪ್ಪುತ್ತದೆ. ಊರು ಸುಮ್ಮನಿರುತ್ತದಾ? ಕೆಲವರು ದೊಡ್ಡ ಮೋಟಾರ್ ಇಳಿಸುತ್ತಾರೆ. ಅದಕ್ಕೇ ಪ್ರತಿ ಉಪಾಯಕ್ಕೂ ಇನ್ನೊಂದು ಬಾಣ ಬರೆಯಿರಿ: "ಇದಕ್ಕೆ ಜನ ಏನು ಮಾಡುತ್ತಾರೆ?"

ಇನ್ನು ಡ್ರಿಪ್. ಈ ಮಾತಿಗೆ ನನ್ನ ಮೇಲೆ ಕೋಪ ಬರಬಹುದು. ಡ್ರಿಪ್ ಹಾಕಿದರೆ ಗಿಡಕ್ಕೆ ಬೇಕಾದ ನೀರು ಕಮ್ಮಿ ಆಗುತ್ತದೆ, ನಿಜ. ಆದರೆ ಹಾಳೆ ನೋಡಿ: ಎತ್ತುವ ನೀರಿಗೆ ಬರುವ ಬಾಣ ಗಿಡದಿಂದ ಹೊರಟಿಲ್ಲ, ಕರೆಂಟಿನಿಂದ ಹೊರಟಿದೆ. ಆಟೋ ಸ್ಟಾರ್ಟರ್ 7 ಗಂಟೆಯೂ ಓಡಿಸುತ್ತದೆ. ಉಳಿದ ನೀರು ಭೂಮಿಯಲ್ಲಿ ಉಳಿಯುವುದಿಲ್ಲ, ಪಕ್ಕದ ಒಂದು ಎಕರೆಗೆ ಹೋಗುತ್ತದೆ. ಮೊದಲು ಕಾಲುವೆಯಲ್ಲಿ ಬಿಟ್ಟ ನೀರಲ್ಲಿ ಒಂದಷ್ಟು ವಾಪಸ್ ಇಂಗುತ್ತಿತ್ತು, ಅದೂ ನಿಂತಿತು. ರೈತನ ಆದಾಯಕ್ಕೆ ಡ್ರಿಪ್ ಒಳ್ಳೆಯದೇ, ನಮ್ಮ ಮನೆಯಲ್ಲೂ ಇದೆ. ಅಂತರ್ಜಲ ಉಳಿಸಲು ಡ್ರಿಪ್ ಒಂದೇ ಸಾಕು ಅನ್ನುವುದನ್ನು ಮಾತ್ರ ಈ ಚಿತ್ರ ಒಪ್ಪುವುದಿಲ್ಲ.

ಹೆಜ್ಜೆ 9: ಊರ ಮುಂದೆ ಇಡಿ

ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಬೇಡಿ. ನಾನು ಹೋಗಿದ್ದೆ, ಎಲ್ಲರೂ ಸ್ಕ್ರೀನ್ ಕಡೆ ನೋಡಿ ತಲೆ ಆಡಿಸಿ ಕಾಫಿ ಕುಡಿದು ಹೋದರು. ಎರಡನೇ ಸಲ ಹುಣಸೆ ಬೀಜ ತಗೊಂಡು ಹೋದೆ. ಒಂದು ಬಟ್ಟಲಲ್ಲಿ 40 ಬೀಜ, ಒಂದೊಂದೂ 10 ಮಿ.ಮೀ. ವರ್ಷಕ್ಕೆ 8 ಬೀಜ ಹಾಕುವುದು. ಬೋರ್ ಇರುವವರು ಅವರವರ ಪಾಲು ತೆಗೆಯುವುದು. ಕಣ್ಣೆದುರಿಗೇ ಬಟ್ಟಲು ಬರಿದಾದಾಗ ಜಗಳ ಶುರುವಾಯಿತು. ಅಷ್ಟಾದರೆ ಮಾಡೆಲ್ ಕೆಲಸ ಮಾಡಿದೆ ಅಂತಲೇ. "ನಾನು ಬಿಟ್ಟರೆ ಪಕ್ಕದವನು ಎತ್ತುತ್ತಾನೆ" ಅನ್ನುವ ಮಾತು ಮೊದಲ ಸಲ ಎಲ್ಲರ ಎದುರು ಬಂತು.

ಹೀಗೆ ಕೂತು ಲೆಕ್ಕ ಹಾಕಿದವರು ಇದ್ದಾರೆ. 2000ದ ದಶಕದಲ್ಲಿ ಪಕ್ಕದ ಆಂಧ್ರದ ಬರಪೀಡಿತ 7 ಜಿಲ್ಲೆಗಳಲ್ಲಿ ರೈತರೇ ಮಳೆ, ಬೋರ್ ಮಟ್ಟ ಅಳೆದು, ಹಿಂಗಾರಿಗೆ ಮುಂಚೆ ನೀರಿನ ಬಜೆಟ್ ಮಾಡಿ ಬೆಳೆ ಆರಿಸಿಕೊಳ್ಳುವ ಕೆಲಸ ನಡೆಯಿತು. ಯಾರ ಮೇಲೂ ನಿಷೇಧ ಹೇರಲಿಲ್ಲ. ಮಹಾರಾಷ್ಟ್ರದ ಹಿವರೆ ಬಜಾರ್ ಇನ್ನೊಂದು ದಾರಿ ಹಿಡಿಯಿತು. ನೀರಾವರಿಗೆ ಬೋರ್ ಬೇಡ, ಕಬ್ಬು ಬಾಳೆ ಬೇಡ ಅಂತ ಊರೇ ತೀರ್ಮಾನ ಮಾಡಿ, ಪ್ರತಿ ವರ್ಷ ನೀರಿನ ಲೆಕ್ಕ ಓದುತ್ತದೆ. ನಮ್ಮಲ್ಲಿ 2011ರ ಅಂತರ್ಜಲ ಕಾಯ್ದೆ ಪ್ರಕಾರ ಅಧಿಸೂಚಿತ ತಾಲ್ಲೂಕುಗಳಲ್ಲಿ ಬೋರ್‌ಗೆ ಅನುಮತಿ ಬೇಕು. ರಾತ್ರಿ ಲಾರಿ ಬರುವ ಊರಿನಲ್ಲಿ ಆ ಕಾಗದ ಎಷ್ಟು ಕೆಲಸ ಮಾಡುತ್ತದೆ ಅಂತ ನಿಮಗೇ ಗೊತ್ತು.

ಸಾಫ್ಟ್‌ವೇರ್ ಬಗ್ಗೆ ಎರಡು ಮಾತು. ಚೌಕ, ಬಾಣ ಬರೆದರೆ ತಾನೇ ಓಡಿಸುವ ಇನ್‌ಸೈಟ್ ಮೇಕರ್ ಬ್ರೌಸರ್‌ನಲ್ಲೇ ಸಿಗುತ್ತದೆ. ವೆನ್‌ಸಿಮ್‌ಗೆ ಕಲಿಯುವವರಿಗೆ ಉಚಿತ ಆವೃತ್ತಿ ಇದೆ. ಒಬ್ಬೊಬ್ಬ ರೈತನನ್ನೂ ಬೇರೆ ಬೇರೆ ಮಾಡಿ ತೋರಿಸಬೇಕಾದರೆ ನೆಟ್‌ಲೋಗೊ. ಮೊದಲ ತಿಂಗಳು ಯಾವುದೂ ಬೇಡ.

ಕೊನೆಯ ಕೆಲಸ ಅಳೆಯುವುದು. ಬಳಸದೆ ಬಿಟ್ಟ ಒಂದು ಬೋರ್ ಆರಿಸಿಕೊಳ್ಳಿ. ಹಗ್ಗಕ್ಕೆ 10 ಅಡಿಗೊಂದು ಗಂಟು, ತುದಿಗೆ ಕಬ್ಬಿಣದ ತುಂಡು. ನೀರಿಗೆ ತಾಗಿದ ಸದ್ದು ಬರುವವರೆಗೆ ಇಳಿಸಿ ಗಂಟು ಎಣಿಸಿ. ಅಳೆದ ಮೇಲೆ ಮುಚ್ಚಳ ಹಾಕಿ ಬೋಲ್ಟ್ ಬಿಗಿಯಿರಿ, ಮಕ್ಕಳು ಓಡಾಡುವ ಜಾಗ. ತಿಂಗಳ ಮೊದಲ ದಿನ ಒಂದು ಸಲ ಸಾಕು.

ನಮ್ಮೂರಲ್ಲಿ ಈಗ ಆ ಕೆಲಸ ದೊಡ್ಡಪ್ಪನದು. ಹಾಲಿನ ಡೇರಿಯ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ: ತಿಂಗಳು, ಗಂಟಿನ ಲೆಕ್ಕ. ಹೋದ ತಿಂಗಳು ಏಳನೇ ಬೋರ್‌ಗೆ ಪಾಯಿಂಟ್ ನೋಡಿಸೋಣ ಅಂತ ನನ್ನ ತಮ್ಮ ದೊಡ್ಡಪ್ಪನಿಗೆ ಫೋನ್ ಮಾಡಿದ. "ಮೊದಲು ಡೇರಿ ಗೋಡೆ ನೋಡ್ಕೊಂಡು ಬಾ, ಆಮೇಲೆ ಮಾತಾಡೋಣ" ಅಂದರಂತೆ.